ಅವ್ವ ತಿರುವಿದ ನೂಲು

ಅವ್ವ ತೀರಿಹೋದ ದಿನ ನಾನು ಯಾದಗಿರಿಯಿಂದ ವನದುರ್ಗ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಳದ ತುಂಬ ಜನರಿದ್ದರು. ಒಳಗೆ ಹೋಗಿ ಅವಳ ಮುಖ ನೋಡಿದೆ. ಆದರೆ ಆ ದಿನವನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಆ ಮುಖವಲ್ಲ, ಕಿಟಕಿಯ ಕಟ್ಟೆಯ ಮೇಲಿದ್ದ ತಕಲಿ. ಉಣ್ಣೆ ನೂಲುವ ಕಡ್ಡಿ ಅದು. ತುದಿಗೊಂದು ಬಿಲ್ಲೆ, ತಲೆಗೊಂದು ಕೊಕ್ಕೆ. ಕಡ್ಡಿಯ ಮೈಗೆ ಕರಿ ನೂಲು ಸುತ್ತಿತ್ತು. ನೂಲಿನ ಕೊನೆಯಲ್ಲಿ ಇನ್ನೂ ನೂಲಾಗದ ಉಣ್ಣೆಯ ಎಳೆಯೊಂದು ಕಟ್ಟೆಯಿಂದ ಕೆಳಗೆ ಇಳಿಬಿದ್ದು, ಜನ ಓಡಾಡಿದಾಗಲೆಲ್ಲ ಅಲುಗುತ್ತಿತ್ತು.

ಬೆಳಿಗ್ಗೆ ಚಹಾ ಕುಡಿದು ನೂಲುತ್ತ ಕೂತಿದ್ದಳಂತೆ. "ಯಾಕೋ ಎದಿ ಹಿಡದಂಗ ಆಗಾಕತ್ತದ" ಎಂದು ತಕಲಿಯನ್ನು ಕಟ್ಟೆಯ ಮೇಲಿಟ್ಟು ಅಡ್ಡಾದವಳು ಏಳಲಿಲ್ಲವಂತೆ. ಇದು ನನ್ನ ಅಣ್ಣನ ಹೆಂಡತಿ, ವೈನಿ, ಹೇಳಿದ್ದು. ನಾನು ಕಂಡದ್ದು ತಕಲಿಯನ್ನು ಮಾತ್ರ.

ಆ ನೂಲು ನನ್ನ ಮಗಳ ಕಂಬಳಿಯದು. ನಮ್ಮದು ಕುರಿಯ ಮನೆತನ. ಮೊಮ್ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದು ಕರಿ ಕಂಬಳಿಯನ್ನು ಅಜ್ಜಿಯೇ ನೂತು ಕೊಡಬೇಕು. ನೇಯುವವರು ಬೇರೆ ಇರಬಹುದು, ನೂಲು ಮಾತ್ರ ಅಜ್ಜಿಯದೇ ಆಗಬೇಕು. ಆ ಕಂಬಳಿ ಮದುವೆಯಲ್ಲಿ ಕೂರಲು ಆಗುತ್ತದೆ, ಬಾಣಂತಿಯಾದಾಗ ಹೊದೆಯಲು ಆಗುತ್ತದೆ, ಕೊನೆಯ ಯಾತ್ರೆಗೂ ಆಗುತ್ತದೆ. ಅಣ್ಣನ ಇಬ್ಬರು ಗಂಡುಮಕ್ಕಳಿಗೆ ಅವ್ವ ಮುಗಿಸಿಕೊಟ್ಟಿದ್ದಳು. ಉಳಿದವಳು ನನ್ನ ಮಗಳು. ಶಾಲೆಗೆ ಸೂಟಿ ಬಿಟ್ಟಾಗಲೆಲ್ಲ ಅವಳು ವನದುರ್ಗದಲ್ಲಿ ಬಸ್ಸಿಳಿದ ಕೂಡಲೆ ಅಜ್ಜಿಯನ್ನು ಕೇಳುತ್ತಿದ್ದಳು:

"ಆಯಿ, ನನ್ನ ಕಂಬಳಿ ಎಲ್ಲಿ ಅದ?"

"ಇನ್ನಾ ಕುರಿ ಮೈಮ್ಯಾಲ ಅದ. ಹೋಗಿ ಹೊದ್ಕೊ ಹೋಗು."

ಈ ವರ್ಷ ಅದು ಕುರಿಯ ಮೈಯಿಂದ ಇಳಿದು ಅವ್ವನ ಬುಟ್ಟಿಗೆ ಬಂದಿತ್ತು. ಅರ್ಧ ನೂಲಾಗಿತ್ತು, ಅರ್ಧ ಉಣ್ಣೆಯಾಗಿಯೇ ಉಳಿದಿತ್ತು.

ಅವ್ವ ಸುರಪುರದ ಕಡೆಯ ಒಂದು ಸಣ್ಣ ಊರಿನವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದುವೆಗೆ ಮುಂಚೆ ಕುರಿ ಹಿಂದೆ ಗುಡ್ಡ ತಿರುಗಿದಳು, ಮದುವೆಯಾದ ಮೇಲೆ ವನದುರ್ಗದ ಕೋಟೆಯ ಸುತ್ತ ತಿರುಗಿದಳು. ಕತ್ತಲಲ್ಲಿ ಕೆಮ್ಮು ಕೇಳಿ ಯಾವ ಕುರಿ ಎಂದು ಹೇಳುತ್ತಿದ್ದಳು. ಅಪ್ಪ ಹೋದ ಮೇಲೆ ಮಂದೆಯನ್ನು ಅಣ್ಣನ ಕೈಗೆ ಕೊಟ್ಟರೂ ದಿನಕ್ಕೊಮ್ಮೆ ಹಟ್ಟಿಗೆ ಹೋಗಿ ಬಯ್ದು ಬರದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಯಾರನ್ನು ಬಯ್ದೆ ಎಂದು ಕೇಳಿದರೆ, "ಕುರಿಗಿ. ನಿಮ್ಮಣ್ಣಗ ಬೈದ್ರ ತಿಳೀತದೇನು?" ಎನ್ನುತ್ತಿದ್ದಳು.

ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲವೆಂದಾದ ಮೇಲೆ ಒಮ್ಮೆ ಶಹಾಪುರದಿಂದ ಯಾದಗಿರಿಗೆ ಅವಳ ಜೊತೆ ಬರುತ್ತಿದ್ದೆ. ನನ್ನ ಮಗಳು ಆಡಲಿ ಎಂದು ಒಂದು ಮರಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಂಡಕ್ಟರ್ ನೋಡಿಬಿಟ್ಟ.

"ಏನಮ್ಮಾ, ಮರಿ ಟಿಕೆಟ್ ಯಾರ್ ತಗೋತಾರ?"

"ಹೆಣ್ಣಮರಿ ಅದಪಾ," ಎಂದಳು ಅವ್ವ. "ಹೆಣ್ಣಮಕ್ಕಳಿಗೆ ಫ್ರೀ ಅಂತೀರಲ್ಲ?"

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಮರಿಯ ಕಿವಿ ಹಿಂಡಿ ಮುಂದೆ ಹೋದ.

ನಾನು ಶಹಾಪುರದ ಹಾಸ್ಟೆಲ್ಲಿನಲ್ಲಿದ್ದಾಗ ಸಂತೆಯ ದಿನ ತಪ್ಪದೆ ಬರುತ್ತಿದ್ದಳು. ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಟ್ಟು, ನಾನು ಉಣ್ಣುವವರೆಗೆ ಮೆಟ್ಟಿಲ ಮೇಲೆ ಕೂತು ನೂಲುತ್ತಿದ್ದಳು. ಎಡ ತೊಡೆಯ ಮೇಲೆ ಸೀರೆಯನ್ನು ಬಿಗಿ ಮಾಡಿ, ತಕಲಿಯ ಕಡ್ಡಿಯನ್ನು ಎಡ ಅಂಗೈಯಿಂದ ತೊಡೆಯ ಮೇಲೆ ಒಮ್ಮೆ ಉಜ್ಜಿ ಬಿಟ್ಟರೆ ಅದು ಗಾಳಿಯಲ್ಲಿ ಗಿರ್ರನೆ ತಿರುಗುತ್ತಿತ್ತು. ಕಡ್ಡಿ ಬಿಟ್ಟ ಕೈ ಮೇಲೆ ಹೋಗಿ ಕಿವಿಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಿತ್ತು. ಬಲಗೈಯ ಬೆರಳುಗಳಿಂದ ಉಣ್ಣೆ ನೂಲಾಗಿ ಇಳಿಯುತ್ತಿತ್ತು. ಹಾಸ್ಟೆಲ್ಲಿನ ಹುಡುಗಿಯರು ಸುತ್ತುಗಟ್ಟಿ ಕೂತು ಕಲಿಸು ಎನ್ನುತ್ತಿದ್ದರು. ಅವ್ವ ತಲೆಯಲ್ಲಾಡಿಸುತ್ತಿದ್ದಳು.

"ನನ್ನ ಕಡಿಂದ ಬ್ಯಾಡ್ರೆವ್ವಾ. ನಿಮ್ಮ ನಿಮ್ಮ ಅವ್ವಾರ ಕಡಿಂದ ಕಲೀರಿ."

ನನಗೂ ಅವಳು ಕಲಿಸಲಿಲ್ಲ. ನಾನು ಓದಲೆಂದು ಕಲಿಸಲಿಲ್ಲ ಎಂದುಕೊಂಡಿದ್ದೆ. ತಕಲಿಯನ್ನು ಎಡ ತೊಡೆಯ ಮೇಲೆ ಉಜ್ಜುವುದೇ ತಕಲಿಯ ರೀತಿ ಎಂದೂ ಅಂದುಕೊಂಡಿದ್ದೆ. ಮಕ್ಕಳಿಗೆ ತಮ್ಮ ಅವ್ವ ಮಾಡಿದ್ದೇ ಲೋಕದ ರೀತಿ.

ನೂಲುವುದೊಂದನ್ನು ಬಿಟ್ಟರೆ ಅವಳು ಎಲ್ಲವನ್ನೂ ಬಲಗೈಯಿಂದ ಮಾಡುತ್ತಿದ್ದಳು. ಉಣ್ಣುವುದು, ಬಡಿಸುವುದು, ಕಸ ಹೊಡೆಯುವುದು, ದೀಪ ಹಚ್ಚುವುದು. ಎಡಗೈಯ ಹೆಬ್ಬೆರಳಿನ ಬುಡದಲ್ಲಿ, ಮೇಲ್ಭಾಗದಲ್ಲಿ, ಹುಣಸೆ ಬೀಜದಷ್ಟು ದೊಡ್ಡದಾದ ನುಣುಪು ಗುರುತೊಂದಿತ್ತು. ಚಿಕ್ಕಂದಿನಲ್ಲಿ ನಾನು ಅದನ್ನು ಸವರುತ್ತ ಮಲಗುತ್ತಿದ್ದೆ. ಏನಾಗಿದ್ದು ಎಂದು ಕೇಳಿದರೆ, "ರೊಟ್ಟಿ ಹಂಚು ತಾಗಿತ್ತು, ಮಲ್ಕೊ" ಎನ್ನುತ್ತಿದ್ದಳು.

ನನ್ನ ಮಗಳು ಹುಟ್ಟಾ ಎಡಚಿ. ಬರೆಯುವುದು, ಚೆಂಡು ಎಸೆಯುವುದು, ಚಮಚ ಹಿಡಿಯುವುದು, ಎಲ್ಲಾ ಎಡಗೈ. ಶಾಲೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ನಾವೂ ಅನ್ನಲಿಲ್ಲ. ಅವ್ವ ಮಾತ್ರ ಊಟಕ್ಕೆ ಕೂತಾಗ ಸುಮ್ಮನಿರುತ್ತಿರಲಿಲ್ಲ.

"ಯಾಕ, ಬಲಗೈ ಸಂತಿಗೆ ಹೋಗ್ಯಾದೇನು?"

ಮಗಳು ತುಟಿ ಉಬ್ಬಿಸಿ ಕೈ ಬದಲಿಸುತ್ತಿದ್ದಳು. ಬದಲಿಸಿದರೆ ಅರ್ಧ ಅನ್ನ ತಟ್ಟೆಯ ಹೊರಗೆ. ಆಗ ಅವ್ವನೇ ಹತ್ತಿರ ಸರಿದು ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಗದರಿಸಿದವಳೂ ಅವಳೇ, ಉಣಿಸಿದವಳೂ ಅವಳೇ. ಬಿಡಬಾರದೇ ಅವ್ವಾ ಎಂದರೆ ನನ್ನ ಕಡೆ ನೋಡದೆ, "ನಾಕು ಮಂದ್ಯಾಗ ಕುಂತಾಗ ಅಂದಾರು" ಎಂದಷ್ಟೇ ಹೇಳುತ್ತಿದ್ದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಏನಿತ್ತೆಂದು ಆಗ ನನಗೆ ತಿಳಿದಿರಲಿಲ್ಲ.

ಅವ್ವನ ದಿನಕರ್ಮಗಳು ಮುಗಿದ ಮೇಲೆ ವೈನಿ ಒಂದು ಕೆಲಸ ಮಾಡಿದಳು. ಅವ್ವನ ಬುಟ್ಟಿಯಲ್ಲಿ ಉಳಿದಿದ್ದ ಉಣ್ಣೆಯನ್ನು ತನ್ನ ತಕಲಿ ಹಿಡಿದು ತಾನೇ ನೂತಳು. ಮನೆಗೆಲಸ ಮುಗಿಸಿ, ಕಣ್ಣೀರು ಒರೆಸಿಕೊಳ್ಳುತ್ತ ನೂತಳು. ಅಜ್ಜಿಯದೇ ಉಣ್ಣೆ, ಅಜ್ಜಿಯದೇ ಮನೆ, ಅಂದಮೇಲೆ ಸೊಸೆ ನೂತರೂ ಅಜ್ಜಿ ನೂತಂತೆಯೇ ಎಂಬುದು ಅವಳ ಲೆಕ್ಕ. ತನ್ನ ಉಂಡೆಗಳನ್ನು ಅವ್ವನ ಉಂಡೆಗಳ ಜೊತೆ ಒಂದೇ ಬುಟ್ಟಿಗೆ ಹಾಕಿ ನನಗೆ ಫೋನ್ ಮಾಡಿದಳು: "ನೂಲು ಮುಗದಾವ್ರಿ. ಕೂಸಿನ ಕಂಬಳಿ ನಿಲ್ಲಂಗಿಲ್ಲ." ಅವ್ವನ ತಕಲಿಯನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಅದು ಇದ್ದ ಹಾಗೆಯೇ, ಇಳಿಬಿದ್ದ ಎಳೆಯ ಸಮೇತ, ಬುಟ್ಟಿಯ ಮೇಲಿತ್ತು.

ನೇಯುವವನು ಅವ್ವನ ತಮ್ಮ, ನನ್ನ ಸೋದರಮಾವ. ಸುರಪುರದ ಹತ್ತಿರ ತವರೂರಿನಲ್ಲೇ ಇದ್ದಾನೆ. ಮೊದಲಿನಷ್ಟು ಕಂಬಳಿ ಈಗ ಯಾರೂ ಕೇಳುವುದಿಲ್ಲ, ಆದರೂ ಮಗ್ಗ ಬಿಚ್ಚಿಲ್ಲ. ದಸರಾ ಸೂಟಿಯಲ್ಲಿ ನಾನು, ವೈನಿ, ನನ್ನ ಮಗಳು ಬುಟ್ಟಿ ಹೊತ್ತು ಅವನ ಮನೆಗೆ ಹೋದೆವು. ಹೋದ ಸಂಜೆಯೇ ಕತ್ತಲಾಗುವ ಮೊದಲು ಅವನು ಉಂಡೆಗಳನ್ನು ಬಿಚ್ಚಿ, ಮನೆಯ ಮುಂದಿನ ಓಣಿಯುದ್ದಕ್ಕೂ ಗೂಟಕ್ಕೆ ಗೂಟ ಹಾಸು ಕಟ್ಟಿದ. ಹಾಸು ಎಂದರೆ ಕಂಬಳಿಯ ಉದ್ದಕ್ಕೆ ಓಡುವ ಎಳೆಗಳು. ಬೆಳಿಗ್ಗೆ ಅವಕ್ಕೆ ಹುಣಸೆ ಬೀಜದ ಗಂಜಿ ಬಳಿದು, ಒಣಗಿಸಿ, ಆಮೇಲೆ ಮಗ್ಗಕ್ಕೆ ಏರಿಸುವುದು.

ಬೆಳಿಗ್ಗೆ ಗಂಜಿ ಕುದಿಯುವ ವಾಸನೆ ಓಣಿಯೆಲ್ಲ ತುಂಬಿತ್ತು. ಮಾವ ಕುಂಚ ಅದ್ದಿಕೊಂಡು ಹಾಸಿನ ಹತ್ತಿರ ಹೋದವನು ಹಾಗೇ ನಿಂತುಬಿಟ್ಟ. ಆಗತಾನೆ ಮೂಡಿದ ಬಿಸಿಲು ಓರೆಯಾಗಿ ನೂಲಿನ ಮೇಲೆ ಬೀಳುತ್ತಿತ್ತು. ಕುಂಚದಿಂದ ಗಂಜಿ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು, ಅವನು ನೋಡುತ್ತಲೇ ಇದ್ದ. ನಾನೂ ಹೋಗಿ ಅವನ ಪಕ್ಕದಲ್ಲಿ ನಿಂತೆ. ಒಂದೇ ಕುರಿಗಳ ಒಂದೇ ಕಪ್ಪು ಉಣ್ಣೆ. ಆದರೆ ಹಾಸಿನಲ್ಲಿ ಪಟ್ಟಿಗಳು ಕಾಣುತ್ತಿದ್ದವು. ಒಂದು ಪಟ್ಟಿ ಬೆಳಕು ಹಿಡಿದರೆ ಪಕ್ಕದ್ದು ಬೆಳಕು ನುಂಗುತ್ತಿತ್ತು.

"ಇದ್ರಾಗ ಎರಡ ಕೈ ಅವ," ಎಂದ ಮಾವ.

ವೈನಿ ತಲೆಯ ಸೆರಗು ಎಳೆದುಕೊಂಡಳು. "ಉಳದದ್ದು ನಾ ನೂತೀನ್ರಿ, ಮಾವಾರ."

ಮಾವ ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಬಿಚ್ಚುವಂತೆ ತಿರುವಿದ. ಅದು ಸಡಿಲಾಯಿತು. ಪಕ್ಕದ ಎಳೆಯನ್ನು ಅದೇ ಕಡೆಗೆ ತಿರುವಿದ. ಅದು ಇನ್ನೂ ಬಿಗಿಯಾಗಿ ಗಂಟು ಬಿತ್ತು. "ನೋಡ್ರಿ. ನಿಮ್ದು ತಿರುವು ಬಲಕ್ಕ ಹೊಳ್ಯಾದ. ಅಕ್ಕಂದು ಎಡಕ್ಕ. ಎರಡೂ ಕೂಡಿ ಹಾಸಿನ್ಯಾಗ ಬಂದ್ರ ಕಂಬಳಿ ಮೈ ಮುರದಂಗ ಆಗ್ತದ. ಒಂದು ಹಿಂಗ ಎಳೀತದ, ಒಂದು ಹಂಗ ಎಳೀತದ. ಒಂದು ಮಳಿ ಕಂಡ್ರ ಸಾಕು, ಮುದುಡಿ ಕುಂದರ್ತದ."

"ಅತ್ತಿ ಎಡಗೈಲಿಂದ ನೂಲ್ತಿದ್ಲು, ಅದು ಗೊತ್ತದ," ಎಂದಳು ವೈನಿ. "ನೂಲೂ ಎಡಕ್ಕ ಹೊಳ್ಳತದ ಅಂತ ನಂಗೇನ್ ಗೊತ್ತು? ತನ್ನ ಬುಟ್ಟಿ ನಂಗ ಮುಟ್ಟಗೊಡ್ತಿರಲಿಲ್ಲ. ಸಣ್ಣ ಮನಸು ಅಂತ ತಿಳ್ಕೊಂಡಿದ್ದೆ. ಕೂಸಿನ ಕಂಬಳಿ ನಾನೇ ಕೆಡಿಸಿದ್ನಲ್ರಿ!"

"ಏನ್ ಕೆಡಿಸೀದವ್ವಾ, ಸುಮ್ಕಿರು. ಕಟ್ಟೋ ಮುಂದ ನನ್ನ ಕಣ್ಣೇನು ಗುಡಿಗೆ ಹೋಗಿದ್ವು? ಬಿಚ್ಚಿದ್ರಾತು."

ನಾವೆಲ್ಲ ಕೂತು ಹಾಸು ಬಿಚ್ಚಿದೆವು. ಎಳೆ ಎಳೆಯನ್ನೂ ಬೆರಳಲ್ಲಿ ತಿರುವಿ ನೋಡಬೇಕು: ಇದು ಅವ್ವನದು, ಇದು ವೈನಿಯದು. ಮೊದಮೊದಲು ನಾನು ತಪ್ಪುತ್ತಿದ್ದೆ. ಮಗಳು ತಪ್ಪಲಿಲ್ಲ, ಎಡಗೈಯಲ್ಲಿ ಹಿಡಿದ ಕೂಡಲೆ "ಆಯಿದು" ಎಂದು ಅತ್ತ ಇಡುತ್ತಿದ್ದಳು. ಹೀಗೆ ಬೇರೆ ಮಾಡುತ್ತಿರುವಾಗಲೇ ಮಾವ ಅವ್ವನ ಎಡಗೈಯ ಆ ಗುರುತಿನ ಸಂಗತಿ ಹೇಳಿದ. ಅವನು ಹೇಳಿದಷ್ಟನ್ನೇ ಬರೆಯುತ್ತೇನೆ.

ಅವ್ವ ಚಿಕ್ಕವಳಿದ್ದಾಗ ಎಡಗೈಯಿಂದ ಉಣ್ಣುತ್ತಿದ್ದಳು. ಬಯ್ದರೂ ಬಿಡಲಿಲ್ಲ, ಹೊಡೆದರೂ ಬಿಡಲಿಲ್ಲ. ಕೊನೆಗೆ ಅವರ ಅಜ್ಜಿ ಬಳೆ ಕಾಸಿ ಕೈಗೆ ಬರೆ ಹಾಕಿದಳು.

"ಕೆಟ್ಟಾಕಿ ಅಲ್ಲ ಆ ಮುದುಕಿ," ಎಂದ ಮಾವ. "ಎಡಗೈಲಿಂದ ಉಂಡ್ರ ಗಂಡನ ಮನ್ಯಾಗ ಬಾಳಗೊಡಂಗಿಲ್ಲ ಅಂತ ಆಕಿ ಅಂಜಿಕಿ. ನಾ ಆವಾಗ ಬಾಳ ಸಣ್ಣಾಂವ. ನೋಡಿಲ್ಲ. ಅಕ್ಕ ಚೀರಿದ್ದು ಕೇಳೀನಿ."

"ಮತ್ತ ತಕಲಿ?"

"ಕುರಿ ಹಿಂದ ಗುಡ್ಡಕ್ಕ ಹ್ವಾದ್ಮ್ಯಾಲ ತಕಲಿ ಎಡಗೈಗೆ ಬರ್ತಿತ್ತು. ಅಲ್ಲಿ ನೋಡೋರು ಯಾರು? ಕುರಿ ಬಂದು ಮನ್ಯಾಗ ಚಾಡಿ ಹೇಳ್ತಾವೇನು?" ಮಾವ ನಕ್ಕ. ಆಮೇಲೆ ನಗು ನಿಲ್ಲಿಸಿ, "ಒಂದ ಕೆಲಸ ತನ್ನ ಕೈಗೆ ಇಟ್ಕೊಂಡಿದ್ಲು, ಅಷ್ಟ. ಆಕಿ ನೂಲು ನಾ ಯಾವಾಗ್ಲೂ ಬ್ಯಾರೇನೇ ನೇಯ್ತಿದ್ದೆ. ಯಾರಿಗೂ ಕಲಿಸಬ್ಯಾಡಕ್ಕ, ಉಲ್ಟಾ ನೂಲು ಸಂತ್ಯಾಗ ಯಾರೂ ತಗೊಳ್ಳಂಗಿಲ್ಲ ಅಂತ ನಾನೇ ಹೇಳಿದ್ದೆ."

ನನ್ನ ಕೈಯಲ್ಲಿ ಅವ್ವನ ನೂಲಿನ ಎಳೆಯಿತ್ತು. ಅದನ್ನು ತಿರುವಿದರೆ ಬಿಗಿಯಾಯಿತು, ಬಿಟ್ಟರೆ ತಾನೇ ಹಿಂದಕ್ಕೆ ತಿರುಗಿತು. ಹಾಸ್ಟೆಲ್ಲಿನ ಮೆಟ್ಟಿಲು ಕಣ್ಣ ಮುಂದೆ ಬಂತು. ನಾನು ಎದ್ದು ಗಂಜಿಯ ಪಾತ್ರೆಯ ಹತ್ತಿರ ಹೋಗಿ, ಸುಮ್ಮನೆ ಅದನ್ನು ಕೈಯಾಡಿಸಿ ಬಂದೆ.

ಬೇರೆ ಮಾಡಿ ಮುಗಿಸಿದಾಗ ಎರಡು ರಾಶಿಗಳಾದವು. ಮಾವ ಹೇಳಿದ: ಒಂದೊಂದರಲ್ಲಿ ಒಂದೊಂದೇ ಕೈಯಿದ್ದರೆ ಅಡ್ಡಿಯಿಲ್ಲ. ಹಾಸಿಗೆಲ್ಲ ಅವ್ವನ ನೂಲು; ಅಡ್ಡಕ್ಕೆ ಓಡುವ ಹೊಕ್ಕಿಗೆಲ್ಲ ವೈನಿಯ ನೂಲು. ಹಾಗೆ ನೇಯ್ದರೆ ಒಂದನ್ನೊಂದು ಕಚ್ಚಿ ಹಿಡಿದು ಕಂಬಳಿ ಇನ್ನೂ ಗಟ್ಟಿಯಾಗುತ್ತದೆ. ವೈನಿಯ ಮುಖ ಸ್ವಲ್ಪ ತಿಳಿಯಾಯಿತು. ಆದರೆ ಹಾಸಿಗೆ ಅವ್ವನ ನೂಲು ಸಾಲುತ್ತಿರಲಿಲ್ಲ. ಮಾವ ಎರಡು ಸಲ ಅಳೆದ.

"ಅಗಲ ಕಮ್ಮಿ ಮಾಡ್ತೀನಿ. ಸಣ್ಣಾಕಿಗೆ ಸಣ್ಣ ಕಂಬಳಿ."

"ಈಕಿ ಹಿಂಗ ಇರ್ತಾಳೇನ್ರಿ?" ಎಂದಳು ವೈನಿ. "ಮದವ್ಯಾಗ ಅರ್ಧಾ ಮಗ್ಗಲ ಮ್ಯಾಲ ಕುಂದರ್ತಾಳೇನು? ಅತ್ತಿ ಮಾತು ಕೊಟ್ಟಿದ್ದು ಪೂರಾ ಕಂಬಳಿ."

ಎಡಕ್ಕೆ ತಿರುವುವ ಕೈ ಆ ಮನೆತನದಲ್ಲಿ ಒಂದೇ ಇತ್ತು, ಅದು ಹೋಗಿತ್ತು. ಹಾಗೆ ನಾನು ಯೋಚಿಸುತ್ತಿರುವಾಗ ನನ್ನ ಮಗಳು ಹೇಳಿದಳು:

"ನಂಗ ಬರ್ತದ."

"ಏನ್ ಬರ್ತದ?"

"ಆಯಿ ನೂಲು."

ಅವಳು ಬುಟ್ಟಿಯ ಹತ್ತಿರ ಹೋಗಿ ಅವ್ವನ ತಕಲಿಯನ್ನು ಎತ್ತಿಕೊಂಡಳು. ವೈನಿ ಬೇಡವೆನ್ನಲು ಬಾಯಿ ತೆರೆದಳು, ಮಾವ ಕೈಯಿಂದ ತಡೆದು ಒಳಗಿನಿಂದ ಒಂದು ಹಿಡಿ ಹಿಂಜಿದ ಕರಿ ಉಣ್ಣೆ ತಂದು ಕೊಟ್ಟ. ಮಗಳು ಕಟ್ಟೆಯ ಮೇಲೆ ಕೂತು ಲಂಗವನ್ನು ಎಡ ತೊಡೆಯ ಮೇಲೆ ಬಿಗಿ ಮಾಡಿದಳು. ಇಳಿಬಿದ್ದಿದ್ದ ಆ ಎಳೆಯ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ, ಬಿಡಿಸಿ, ಅದರ ಮೇಲೆ ಹೊಸ ಉಣ್ಣೆಯನ್ನು ಹಾಸಿ ಒತ್ತಿದಳು. ಎಡ ಅಂಗೈಯಿಂದ ಕಡ್ಡಿಯನ್ನು ತೊಡೆಯ ಮೇಲೆ ಉಜ್ಜಿ ಬಿಟ್ಟಳು. ತಕಲಿ ತಿರುಗಿತು. ಅದು ಅವ್ವನ ಹಾಗೆ ನೆಟ್ಟಗೆ ತಿರುಗಲಿಲ್ಲ, ಓಲಾಡಿತು. ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಎರಡು ಸಲ ಹರಿಯಿತು. ಎರಡು ಸಲವೂ ಅವಳು ನಮ್ಮ ಕಡೆ ನೋಡದೆ ಜೋಡಿಸಿಕೊಂಡಳು. ಆದರೆ ಕಡ್ಡಿ ಬಿಟ್ಟ ಕೂಡಲೆ ಕೈ ಮೇಲೆ ಹೋಗಿ ಕಿವಿಯ ಹತ್ತಿರ ಒಂದು ಗಳಿಗೆ ನಿಲ್ಲುವ ಆ ರೀತಿ, ಅದು ಅವ್ವನದು. ಅದನ್ನು ನಾನು ಇನ್ನೊಮ್ಮೆ ನೋಡುತ್ತೇನೆಂದು ಎಣಿಸಿರಲಿಲ್ಲ. ನಾನು ಹೋಗಿ ಅವಳೆದುರು ನೆಲದ ಮೇಲೆ ಕೂತೆ.

"ಯಾವಾಗ ಕಲಿಸಿದ್ಲಬೇ?" ಎಂದ ಮಾವ.

"ಸೂಟಿಯಾಗ. ಕ್ವಾಟಿ ಗ್ವಾಡಿ ಹಿಂದ, ಕುರಿ ಮೇಯ್ಸಾಕ ಹೋದಾಗ. ಕಸಬರಿಗಿ ಕಡ್ಡಿಗೆ ಒಡದ ಹಂಚಿನ ಬಿಲ್ಲಿ ಹಚ್ಚಿ ನಂಗೊಂದು ಮಾಡಿ ಕೊಟ್ಟಿದ್ಲು." ಅವಳು ಮತ್ತೆ ತಕಲಿ ತಿರುವಿದಳು. "ಮನ್ಯಾಗ ಬಲಗೈಲಿ ಉಣ್ಣು, ಇಲ್ಲಿ ಎಡಗೈಲಿ ನೂಲು ಅಂದಿದ್ಲು. ಯಾರಿಗೂ ಹೇಳಬ್ಯಾಡ ಅಂದಿದ್ಲು. ಈಗ ಹೇಳಿದ್ರ ನಡೀತದಲ್ಲ?"

"ನಡೀತದವ್ವಾ," ಎಂದ ಮಾವ. "ಈಗ ನಡೀತದ." ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಆ ನೂಲನ್ನು ಎರಡು ಬೆರಳಲ್ಲಿ ತಿರುವಿ ನೋಡಿದ. "ಎಡಕ್ಕೇ ಹೊಳ್ಯಾದ. ಗಂಟು ಗಂಟು ಇದ್ರ ಇರ್ಲಿ. ಕುರಿ ಮೈ ಏನು ನುಣ್ಣಗ ಇರ್ತದೇನು?"

ಆ ದಿನ ಕುದಿಸಿದ ಗಂಜಿ ದಂಡವಾಯಿತು. ಮಗಳು ತಕಲಿಯನ್ನು ಯಾದಗಿರಿಗೆ ತಂದಳು. ಅಣ್ಣ ಕತ್ತರಿಸಿದ ಉಣ್ಣೆಯನ್ನು ವೈನಿಯೇ ಹಿಂಜಿ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಮಗಳು ಶಾಲೆಯಿಂದ ಬಂದು, ಬಾಗಿಲ ಮೆಟ್ಟಿಲ ಮೇಲೆ, ಓಣಿಯ ಎಲ್ಲರಿಗೂ ಕಾಣುವಂತೆ ಕೂತು ನೂಲುತ್ತಿದ್ದಳು. ಎದುರು ಮನೆಯ ಹುಡುಗಿ ನನಗೂ ಕಲಿಸು ಎಂದಾಗ, "ನೀ ಯಾವ ಕೈ?" ಎಂದು ಕೇಳಿದಳು. ಬಲ ಎಂದರೆ, "ಹಂಗಾದ್ರ ನಮ್ಮ ಮಾಮಿ ಕಡಿ ಕಳಸ್ತೀನಿ" ಎಂದಳು. ಮಾಮಿ ಎಂದರೆ ವೈನಿ.

ಚಳಿ ಬೀಳುವ ಹೊತ್ತಿಗೆ ಮಾವ ಕಂಬಳಿ ಮಗ್ಗದಿಂದ ಇಳಿಸಿದ್ದೇನೆಂದು ಹೇಳಿ ಕಳಿಸಿದ. ನಾವು ಮತ್ತೆ ಅವನ ಮನೆಗೆ ಹೋದೆವು. ಅಣ್ಣನೂ ಬಂದ, ಬರುವಾಗ ಒಂದು ಮರಿ ತಂದ. ನಮ್ಮ ಮನೆಯಲ್ಲಿ ಹೊಸ ಕಂಬಳಿಯ ಮೇಲೆ ಮನುಷ್ಯರಿಗಿಂತ ಮೊದಲು ಮರಿಯನ್ನು ನಿಲ್ಲಿಸುತ್ತಾರೆ, ಅದರ ಮೈಯಿಂದ ಬಂದದ್ದಲ್ಲವೇ. ಓಣಿಯ ಬಿಸಿಲಲ್ಲಿ ಕಂಬಳಿ ಹಾಸಿದರು. ನಾನು ಹತ್ತಿರ ಕೂತು ನೋಡಿದೆ. ಪಟ್ಟಿಗಳಿರಲಿಲ್ಲ. ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ ಹಾಸು ಸ್ವಲ್ಪ ಉಬ್ಬುತಗ್ಗು, ಬೆರಳಾಡಿಸಿದರೆ ತಿಳಿಯುತ್ತಿತ್ತು. ಅಲ್ಲಿಂದ ಈಚೆಗೆ ಅವ್ವನ ನೂಲು, ಆಚೆಗೂ ಅವ್ವನ ನೂಲು. ಎಲ್ಲವನ್ನೂ ಅಡ್ಡಕ್ಕೆ ಹಿಡಿದಿದ್ದು ವೈನಿಯ ನೂಲು.

ಮರಿ ಕಂಬಳಿಯ ನಡುವೆ ನಿಂತು, ಸುತ್ತ ನೋಡಿ, ಉಚ್ಚೆ ಹೊಯ್ಯಿತು.

"ಅಕ್ಕ ಇದ್ದಿದ್ರ ಕುರಿಗಿ ಬೈಯ್ತಿರಲಿಲ್ಲ, ನಂಗ ಬೈಯ್ತಿದ್ಲು," ಎಂದ ಮಾವ. ಎಲ್ಲರೂ ನಕ್ಕೆವು. ಅವ್ವ ಹೋದ ಮೇಲೆ ಎಲ್ಲರೂ ಕೂಡಿ ನಕ್ಕಿದ್ದು ಅದೇ ಮೊದಲು.

ಆಮೇಲೆ ಭಂಡಾರ ಹಚ್ಚುವುದು. ಕಂಬಳಿಯ ನಾಲ್ಕು ಮೂಲೆಗೂ ಅರಿಶಿನ ಪುಡಿ ಹಚ್ಚಬೇಕು, ಯಾರ ಕಂಬಳಿಯೋ ಅವರೇ ಹಚ್ಚಬೇಕು. ಮಾವ ಬಟ್ಟಲನ್ನು ಮುಂದೆ ಹಿಡಿದ. ಮಗಳು ಎಂದಿನಂತೆ ಎಡಗೈ ಚಾಚಿದಳು. ಚಾಚಿದವಳು ನೆನಪಾಗಿ ನಿಲ್ಲಿಸಿ ನನ್ನ ಕಡೆ ನೋಡಿದಳು, ಆಮೇಲೆ ವೈನಿಯ ಕಡೆ. ಇದು ಊಟವಲ್ಲ, ದೇವರ ಕೆಲಸ. ಓಣಿಯ ಹೆಂಗಸರು ನಾಲ್ಕೈದು ಜನ ನಿಂತಿದ್ದರು. ನಾನು ಏನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಮಗಳು ಎಡಗೈಯನ್ನೇ ಬಟ್ಟಲಲ್ಲಿ ಅದ್ದಿದಳು. ಮೊದಲ ಮೂಲೆಗೆ ಹಚ್ಚಿದಳು, ಎರಡನೆಯದಕ್ಕೆ ಹಚ್ಚಿದಳು.

ಮಾತಾಡಿದ್ದು ವೈನಿ.

"ಆ ಕಡಿ ತುದಿ ಬಿಟ್ಟೀದಿ ನೋಡವ್ವಾ. ಚಲೋತ್ನಂಗ ಹಚ್ಚು, ಕೈತುಂಬ ತಗೊ."